ಶಿಫಾನ್ ಅಂಚು ಕೊನೆಗೂ ಸಮವಾಯಿತು: ನನ್ನ ಅನುಭವ

ಮದುವೆ ಉಡುಪು, ಈವ್ನಿಂಗ್ ಗೌನ್ ಮಾಡುವ ಡಿಸೈನ್ ಹೌಸ್ ಒಂದರಲ್ಲಿ ಆರು ತಿಂಗಳು ಇಂಟರ್ನ್ ಆಗಿದ್ದೆ. ಮೊದಲ ಎರಡು ತಿಂಗಳು ಗುಂಡುಸೂಜಿ ಆಯುವುದು, ಬಟನ್‌ಗೆ ಬಟ್ಟೆ ಹೊದಿಸುವುದು, ಹೊಲಿಗೆ ಬೀಳುವ ಜಾಗದ ಮಣಿಗಳನ್ನು ಇಕ್ಕಳದಲ್ಲಿ ಒಡೆದು ತೆಗೆಯುವುದು. ದಾರ ಮಾತ್ರ ತುಂಡಾಗಬಾರದು, ತುಂಡಾದರೆ ಇಡೀ ಸಾಲು ಉದುರುತ್ತದೆ. ಕತ್ತರಿ ಕೈಗೆ ಬಂದದ್ದು ಮೂರನೇ ತಿಂಗಳಲ್ಲಿ. ಬಂದ ಮೊದಲ ಕೆಲಸವೇ ಬೈಯಾಸ್ ಶಿಫಾನ್ ಗೌನ್, ಅಂದರೆ ಬಟ್ಟೆಯನ್ನು ಎಳೆಗೆ ಓರೆಯಾಗಿ ಕತ್ತರಿಸಿ ಹೊಲಿಯುವ ಗೌನ್.

ಇಂಥ ಗೌನ್‌ಗಳದ್ದು ಅಲ್ಲಿ ಒಂದೇ ಗೋಳು. ಟ್ರಯಲ್ ದಿನ ಅಂಚು ಸಮ ಇರುತ್ತದೆ. ವಾರ ಬಿಟ್ಟು ನೋಡಿದರೆ ಒಂದು ಪಕ್ಕ ನಾಲ್ಕೈದು ಸೆಂಟಿಮೀಟರ್ ಇಳಿದಿರುತ್ತದೆ. ಮತ್ತೆ ಬಿಚ್ಚು, ಕತ್ತರಿಸು, ಹೊಲಿ. ಹೊಲಿದ ಗೌನನ್ನು ಒಂದು ರಾತ್ರಿ ತೂಗುಹಾಕುತ್ತಿದ್ದರು, ಅದು ಸಾಲುತ್ತಿರಲಿಲ್ಲ. ಪಕ್ಕದ ಹೊಲಿಗೆ ಬಿದ್ದ ಮೇಲೆ ಬಟ್ಟೆ ಇಳಿಯಲು ಹೋಗುತ್ತದೆ, ದಾರ ಬಿಡುವುದಿಲ್ಲ. ಹೊಲಿಗೆ ಸುಕ್ಕಾಗುತ್ತದೆ, ನಡುಭಾಗ ಮಾತ್ರ ಇಳಿಯುತ್ತದೆ. ಹಾಗಾಗಿ ಹೊಲಿಯುವ ಮೊದಲೇ ಪ್ಯಾನಲ್‌ಗಳನ್ನು, ಅಂದರೆ ಕತ್ತರಿಸಿದ ತುಂಡುಗಳನ್ನು, ಬಿಡಿಬಿಡಿಯಾಗಿ, ಕೆಳಗೆ ತೂಕ ಕಟ್ಟಿ ತೂಗುಹಾಕೋಣ ಅಂದೆ.

ಮಾಸ್ಟರ್ ಒಪ್ಪಲಿಲ್ಲ. "ಸೊಂಟದ ಹತ್ರ ಸಣ್ಣ ಆಗತ್ತೆ, ಪ್ಯಾಟರ್ನ್‌ಗೆ ಕೂರಲ್ಲ" ಅಂದರು. ಅವರ ಮಾತು ಸುಳ್ಳಲ್ಲ. ನನ್ನ ಮೊದಲ ಪ್ಯಾನಲ್ ಹಾಗೇ ಆಯಿತು. ತೂಕ ಜಾಸ್ತಿಯಾಗಿತ್ತು, ಕ್ಲಿಪ್ ಹಿಡಿದ ಕಡೆಯೆಲ್ಲ ಬಟ್ಟೆ ಚೂಪಾಗಿ ಚಾಚಿಕೊಂಡಿತ್ತು. ಎರಡನೇ ಸಲ ಬಟ್ಟೆಯನ್ನು ಜೆಲಾಟಿನ್ ನೀರಲ್ಲಿ ಅದ್ದಿ ಒಣಗಿಸಿದೆ. ಕಾಗದದಂತೆ ನಿಂತಿತು, ಕತ್ತರಿಸಲು ಬಹಳ ಸುಖ. ಆದರೆ ಗಟ್ಟಿಯಾದ ಬಟ್ಟೆ ಇಳಿಯುವುದೇ ಇಲ್ಲ. ತೊಳೆದ ಮೇಲೆ ಇಳಿಯಲು ಶುರು ಮಾಡಿತು, ಎರಡು ದಿನ ದಂಡ. ಮೂರನೇ ಸಲ ಎಡ, ಬಲ ಪ್ಯಾನಲ್ ಎರಡನ್ನೂ ಒಂದೇ ದಿಕ್ಕಿಗೆ ಕತ್ತರಿಸಿಬಿಟ್ಟಿದ್ದೆ. ಹಾಸಿನ ಎಳೆ ಬೇರೆ, ಹೊಕ್ಕಿನ ಎಳೆ ಬೇರೆ, ಎರಡೂ ಒಂದೇ ಥರ ಜಗ್ಗುವುದಿಲ್ಲ. ಕನ್ನಡಿಯಲ್ಲಿ ಕಂಡಂತೆ ಎದುರುಬದುರು ಇಟ್ಟು ಕತ್ತರಿಸಿದ ಮೇಲೆಯೇ ಎರಡು ಪಕ್ಕವೂ ಸಮ ಇಳಿದವು.

ಈ ಬಟ್ಟೆಯೆಲ್ಲ ನನ್ನ ದುಡ್ಡಿಂದು. ಹೌಸ್‌ನ ಥಾನಿಗೆ ಕೈ ಹಾಕುವಂತಿರಲಿಲ್ಲ. ಎರಡು ತಿಂಗಳು ಸ್ಟೈಪೆಂಡಿನ ಮೂರನೇ ಒಂದು ಪಾಲು ಶಿಫಾನಿಗೇ ಹೋಯಿತು. ರೇಷ್ಮೆ ಕೈಗೆಟುಕದೆ ಪಾಲಿಯೆಸ್ಟರ್‌ನಲ್ಲಿ ಕಲಿಯಲು ಹೋಗಿ ಇನ್ನಷ್ಟು ಕಳೆದುಕೊಂಡೆ. ಅದು ಇಳಿಯುವ ರೀತಿಯೇ ಬೇರೆ.

ನಡುವೆ ಇನ್ನೊಂದು ಹುಚ್ಚು ಹತ್ತಿತ್ತು. ಬೈಯಾಸ್ ಕಟ್‌ಗೆ ಹೆಸರಾದ ಫ್ರೆಂಚ್ ಡಿಸೈನರ್ ಮ್ಯಾಡಲಿನ್ ವಿಯೊನೆ ಚಿಕ್ಕ ಮರದ ಬೊಂಬೆಯ ಮೇಲೆ ಬಟ್ಟೆ ಹೊದಿಸಿ ವಿನ್ಯಾಸ ಮಾಡುತ್ತಿದ್ದರು. 1912ರಲ್ಲಿ ಪ್ಯಾರಿಸ್‌ನಲ್ಲಿ ಸ್ವಂತ ಹೌಸ್ ತೆರೆದವರು. ಬಟ್ಟೆ ಉಳಿಯುತ್ತದಲ್ವಾ ಅಂತ ನಾನೂ ಅರ್ಧ ಅಳತೆಯ ಬೊಂಬೆಯಲ್ಲಿ ಮಾಡಿ ನೋಡಿದೆ. ಮಡಿಕೆ, ಕಟ್ ನೋಡಲು ಚೆನ್ನ. ಅಂಚು ಎಷ್ಟು ಇಳಿಯುತ್ತದೆ ಅನ್ನುವುದು ಮಾತ್ರ ಅದರಲ್ಲಿ ತಿಳಿಯುವುದಿಲ್ಲ, ಚಿಕ್ಕ ಬಟ್ಟೆಗೆ ಆ ಭಾರವೇ ಇರುವುದಿಲ್ಲ.

ಕೊನೆಗೆ ಕೈಹಿಡಿದದ್ದು ಇಷ್ಟು. ಪ್ಯಾನಲ್‌ಗೆ ಸುತ್ತ ಎರಡು ಇಂಚು ಜಾಸ್ತಿ ಬಿಟ್ಟೆ. ಗುರುತೆಲ್ಲ ದಾರದಲ್ಲೇ, ಚಾಕ್ ಬೇಡ. ಮೇಲೆ, ಕೆಳಗೆ ಎರಡೂ ಕಡೆ ಮಸ್ಲಿನ್ ಪಟ್ಟಿಯನ್ನು ಕಚ್ಚಾ ಹೊಲಿಗೆ ಹಾಕಿ ಕೂರಿಸಿದೆ. ಕ್ಲಿಪ್ ಹಿಡಿಯುವುದು ಪಟ್ಟಿಯನ್ನು, ಶಿಫಾನನ್ನಲ್ಲ. ಕೆಳಗಿನ ಪಟ್ಟಿಯಲ್ಲಿ ಸಾಲಾಗಿ ಸಣ್ಣ ಜೇಬು ಮಾಡಿ ಸ್ಟೀಲ್ ವಾಷರ್ ಹಾಕಿದೆ. ಎಷ್ಟು ತೂಕ, ಯಾವ ಜೇಬಿಗೆ ಎಷ್ಟು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ನಾಲ್ಕು ಪ್ಯಾನಲ್ ಕಳೆದುಕೊಂಡು ಕಲಿತದ್ದು ಅದು. ಗೋಡೆಗೆ ಟೇಪ್ ಅಂಟಿಸಿ ದಿನಾ ಬೆಳಿಗ್ಗೆ ಗುರುತು ಮಾಡಿದೆ. ಮೊದಲ ರಾತ್ರಿ ಸುಮಾರು ಮೂರು ಸೆಂಟಿಮೀಟರ್ ಇಳಿಯಿತು, ಎರಡನೇ ರಾತ್ರಿ ಅರ್ಧ ಸೆಂಟಿಮೀಟರ್. ಮೂರನೇ ಬೆಳಿಗ್ಗೆ ಗೆರೆ ಅಲ್ಲೇ ಇತ್ತು. ನಂತರ ತೆಳು ಕಾಗದದ ಮೇಲೆ ಹಾಸಿ, ಪ್ಯಾಟರ್ನ್ ಇಟ್ಟು ಮತ್ತೆ ಕತ್ತರಿಸಿದೆ. ಮೆಷಿನ್‌ಗೆ ತೆಳುವಾದ 60ರ ಸೂಜಿ, ತೀರಾ ಸಣ್ಣ ಜಿಗ್‌ಜ್ಯಾಗ್ ಹೊಲಿಗೆ. ಅಂಚು ಕೈಯಲ್ಲೇ ಸುರುಳಿ ಸುತ್ತಿ ಹೊಲಿದೆ. ಸುತ್ತಳತೆ ಆರು ಮೀಟರ್ ಹತ್ತಿರ, ಎರಡು ದಿನ ಹಿಡಿಯಿತು. ಅಷ್ಟು ಸಪೂರ ಅಂಚನ್ನು ಆ ಹೌಸ್‌ನಲ್ಲಿ ಆಗ ಬೇರೆ ಯಾರೂ ಹೊಲಿಯುತ್ತಿರಲಿಲ್ಲ.

ಹದಿನೈದು ದಿನ ಡಮ್ಮಿ ಮೇಲೆ ಹಾಗೇ ಬಿಟ್ಟೆವು. ಮಾಸ್ಟರ್ ತಾವೇ ನೆಲಕ್ಕೆ ಸ್ಕೇಲ್ ಊರಿ, ಸುತ್ತಲೂ ಹತ್ತು ಹನ್ನೆರಡು ಕಡೆ ಅಳೆದರು. ಹೆಚ್ಚೆಂದರೆ ಮೂರು ಮಿಲಿಮೀಟರ್ ವ್ಯತ್ಯಾಸ. ಇನ್ನೊಮ್ಮೆ ಅಳೆದರು. ಆಮೇಲೆ ಒಳಗೆ ಹೋಗಿ, ಅವತ್ತೇ ಕತ್ತರಿಸಿದ್ದ ಸ್ಯಾಟಿನ್ ಪ್ಯಾನಲ್‌ಗಳನ್ನು ತಂದು ನನ್ನ ಮೇಜಿನ ಮೇಲಿಟ್ಟರು. "ಇದಕ್ಕೂ ಕಟ್ಟು ನೋಡೋಣ" ಅಂದರು.

ಸ್ಯಾಟಿನ್‌ಗೆ ಆ ವಾಷರ್ ಲೆಕ್ಕ ಹೊಂದಲಿಲ್ಲ. ಅದರ ಲೆಕ್ಕ ಈಗ ನಡೆಯುತ್ತಿದೆ.