ಮೆಶ್ ವೈಫೈ ಅಪ್‌ಡೇಟ್ ಆಯ್ತು, ಸ್ಪೀಕರ್ ಯಾಕೆ ಸಿಗ್ತಿಲ್ಲ?

ಮೆಶ್ ವೈಫೈ (ಮನೆಯ ಬೇರೆ ಬೇರೆ ಕಡೆ ಇಟ್ಟ ಹಲವು ಯೂನಿಟ್‌ಗಳು ಸೇರಿ ಒಂದೇ ವೈಫೈ ಕೊಡುವ ವ್ಯವಸ್ಥೆ) ಹಾಕಿಸಿಕೊಂಡವರು ಹೆಚ್ಚಾಗಿ ಎಡವುವುದು ಒಂದೇ ಕಡೆ. ರೂಟರ್ ಅಪ್‌ಡೇಟ್ ಸಲೀಸಾಗಿ ಮುಗಿಯುತ್ತದೆ, ಸ್ಮಾರ್ಟ್ ಸ್ಪೀಕರ್ ಕೂಡ ಆನ್ ಆಗುತ್ತದೆ, ಆದರೆ ಫೋನಿನಲ್ಲಿ ಅದು ಕಾಣಿಸುವುದೇ ಇಲ್ಲ. ತಕ್ಷಣ ಎಲ್ಲರೂ ಸ್ಪೀಕರ್ ರೀಸೆಟ್ ಮಾಡುತ್ತಾರೆ. ದಯವಿಟ್ಟು ಬೇಡ. ತೊಂದರೆ ಸಾಮಾನ್ಯವಾಗಿ ಸ್ಪೀಕರ್‌ನಲ್ಲಿ ಇರುವುದಿಲ್ಲ.

ಮೊದಲು ಅಪ್‌ಡೇಟ್. ಟಿಪಿ-ಲಿಂಕ್ ಡೆಕೊ ಆದರೆ ಅದರ ಆ್ಯಪ್‌ನಲ್ಲಿ ‘ಮೋರ್’ ಒಳಗೆ ‘ಅಪ್‌ಡೇಟ್ ಡೆಕೊ’ ಒತ್ತಿ. ಗೂಗಲ್ ನೆಸ್ಟ್ ವೈಫೈ ತಾನಾಗಿಯೇ ಮಾಡಿಕೊಳ್ಳುತ್ತದೆ. ಕರೆಂಟ್ ಮಾತ್ರ ನಡುವೆ ಹೋಗಬಾರದು. ಫರ್ಮ್‌ವೇರ್ (ರೂಟರ್ ಒಳಗಿನ ಸಾಫ್ಟ್‌ವೇರ್) ಅರ್ಧ ಬರೆದಿರುವಾಗ ಪವರ್ ಹೋದರೆ ರೂಟರ್ ಮತ್ತೆ ಏಳದೇ ಹೋಗಬಹುದು, ಹಾಗಾಗಿ ಇನ್ವರ್ಟರ್ ಲೈನಿಗೆ ಹಾಕಿಯೇ ಶುರು ಮಾಡಿ, ಗುಡುಗು ಸಿಡಿಲಿನ ಸಂಜೆಯಂತೂ ಬೇಡವೇ ಬೇಡ.

ಇನ್ನು ಕಷ್ಟದ ಭಾಗ. ಫೈಬರ್ ಕಂಪನಿಯವರು ಗೋಡೆಗೆ ಹಾಕಿಹೋದ ಡಬ್ಬಿ ಇದೆಯಲ್ಲ, ಅದೂ ಒಂದು ರೂಟರೇ. ಅದರದ್ದೇ ವೈಫೈ ಇರುತ್ತದೆ. ಅದಕ್ಕೆ ಮೆಶ್ ಸಿಕ್ಕಿಸಿ ಸುಮ್ನೆ ಬಿಟ್ಟರೆ ಒಂದೇ ಮನೆಯಲ್ಲಿ ಎರಡು ನೆಟ್‌ವರ್ಕ್ ಆಗುತ್ತವೆ. ಫೋನು ಹಳೆಯ ಡಬ್ಬಿಯ ವೈಫೈಗೆ ಅಂಟಿಕೊಂಡಿರುತ್ತದೆ, ಸ್ಪೀಕರ್ ಮೆಶ್‌ನಲ್ಲಿ ಇರುತ್ತದೆ. ‘ಇಲ್ಲಿ ಸ್ಪೀಕರ್ ಯಾರಿದ್ದೀರಿ?’ ಎಂದು ಆ್ಯಪ್ ಕೂಗುವುದು ತನ್ನ ನೆಟ್‌ವರ್ಕ್ ಒಳಗೆ ಮಾತ್ರ. ಆ ಕೂಗು ಇನ್ನೊಂದಕ್ಕೆ ದಾಟುವುದಿಲ್ಲ.

ಇದನ್ನು ಪತ್ತೆ ಮಾಡುವುದು ಸುಲಭ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಹೆಸರಿನ ಮೇಲೆ ಒತ್ತಿ ಐಪಿ ಅಡ್ರೆಸ್ (ನೆಟ್‌ವರ್ಕ್‌ನಲ್ಲಿ ಆ ಸಾಧನದ ನಂಬರು) ನೋಡಿ. ಸ್ಪೀಕರ್‌ನ ಐಪಿ ಡೆಕೊ ಆ್ಯಪ್‌ನ ಡಿವೈಸ್ ಪಟ್ಟಿಯಲ್ಲಿ ಸಿಗುತ್ತದೆ. ಒಂದೇ ನೆಟ್‌ವರ್ಕ್ ಆದರೆ ಎರಡರಲ್ಲೂ ಮೊದಲ ಮೂರು ಭಾಗ ಸಾಮಾನ್ಯವಾಗಿ ಒಂದೇ ಇರುತ್ತದೆ (ಡೆಕೊದಲ್ಲಿ ಮೂರನೆಯ ಭಾಗ 68ರಿಂದ 71ರೊಳಗೆ ಬೇರೆ ಬೇರೆ ಇದ್ದರೂ ತೊಂದರೆಯಿಲ್ಲ). ಫೋನಿನದು 192.168.29ರಿಂದ, ಸ್ಪೀಕರಿನದು 192.168.68ರಿಂದ ಶುರುವಾದರೆ ರೋಗ ಸಿಕ್ಕಿತು ಎಂದೇ ಲೆಕ್ಕ.

ನನ್ನ ಸಲಹೆ ಖಡಾಖಂಡಿತ: ಮೆಶ್ ಅನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಆಗ ಅದು ಬೇರೆ ನೆಟ್‌ವರ್ಕ್ ಮಾಡದೆ ಡಬ್ಬಿಯ ನೆಟ್‌ವರ್ಕನ್ನೇ ಹರಡುತ್ತದೆ. ಡೆಕೊದಲ್ಲಿ ಮೋರ್, ಅಡ್ವಾನ್ಸ್‌ಡ್, ಆಪರೇಷನ್ ಮೋಡ್. ಆಮೇಲೆ ಫೈಬರ್ ಡಬ್ಬಿಯ ವೈಫೈ ಪೂರ್ತಿ ಆಫ್ ಮಾಡಿ, 2.4 ಮತ್ತು 5 ಗಿಗಾಹರ್ಟ್ಸ್ ಎರಡನ್ನೂ. ಕೆಲವರು ಒಂದನ್ನೇ ಆಫ್ ಮಾಡಿ ಕೈತೊಳೆದುಕೊಳ್ಳುತ್ತಾರೆ, ಫೋನು ಮತ್ತೆ ಅಲ್ಲಿಗೇ ಓಡುತ್ತದೆ. ಕಂಪನಿಗೆ ಫೋನ್ ಮಾಡಿ ಡಬ್ಬಿಯನ್ನೇ ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಇಂಟರ್ನೆಟ್ ದಾಟಿಸುವುದಷ್ಟೇ ಮಾಡುವಂತೆ) ಹಾಕಿಸುವ ದಾರಿಯೂ ಇದೆ, ಆದರೆ ಕಾಲ್ ಸೆಂಟರ್ ಸಹವಾಸ ಯಾರಿಗೆ ಬೇಕು? ನೆಸ್ಟ್ ವೈಫೈ ಇದ್ದವರು ಮಾತ್ರ ನೆಸ್ಟ್‌ನ ಬ್ರಿಡ್ಜ್ ಮೋಡ್ (ಆಕ್ಸೆಸ್ ಪಾಯಿಂಟ್ ಮೋಡ್‌ನಂಥದ್ದೇ) ಮುಟ್ಟಬೇಡಿ, ಮುಟ್ಟಿದರೆ ಉಳಿದ ಪಾಯಿಂಟ್‌ಗಳ ಮೆಶ್ ಕೆಲಸ ಮಾಡುವುದಿಲ್ಲ. ಅವರಿಗೆ ಡಬ್ಬಿಯ ವೈಫೈ ಆಫ್ ಮಾಡಿದರೆ ಸಾಕು.

ಮೋಡ್ ಬದಲಾದ ಮೇಲೆ ಸ್ಪೀಕರ್‌ಗಳ ಪ್ಲಗ್ ಕಿತ್ತು ಮತ್ತೆ ಹಾಕಿ, ಹೊಸ ಐಪಿ ಬರಲಿ. ಹಳೆಯ ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಅಕ್ಷರ ಬಿಡದೆ ಮೆಶ್‌ಗೆ ಇಟ್ಟರೆ ಮನೆಯ ಹೆಚ್ಚಿನ ಸಾಧನಗಳು ತಾವಾಗಿಯೇ ಸೇರಿಕೊಳ್ಳುತ್ತವೆ. ಇದಕ್ಕಿಂತ ಒಳ್ಳೆಯ ಶಾರ್ಟ್‌ಕಟ್ ಇಲ್ಲ. ಸೆಕ್ಯುರಿಟಿಯಲ್ಲಿ ಬರೀ ಡಬ್ಲ್ಯೂಪಿಎ3 (ವೈಫೈ ರಕ್ಷಣೆಯ ಹೊಸ ಬಗೆ) ಇಡಬೇಡಿ, ಹಳೆಯ ಸ್ಪೀಕರ್‌ಗಳು ಎಷ್ಟೋ ಅದಕ್ಕೆ ಸೇರುವುದೇ ಇಲ್ಲ. ಡಬ್ಲ್ಯೂಪಿಎ2 ಸಾಕು.

ಹೊಸ ಸ್ಪೀಕರ್ ಸೇರಿಸುವುದು ಆಮೇಲೆ ಚಿಟಿಕೆ ಕೆಲಸ: ನೆಸ್ಟ್ ಮಿನಿಗೆ ಗೂಗಲ್ ಹೋಮ್ ಆ್ಯಪ್, ಎಕೋಗೆ ಅಲೆಕ್ಸಾ ಆ್ಯಪ್, ತೆರೆದು ಹೇಳಿದಂತೆ ಮಾಡುತ್ತಾ ಹೋಗಿ. ಫೋನಿನ ವಿಪಿಎನ್ (ಇಂಟರ್ನೆಟ್ಟನ್ನು ಬೇರೊಂದು ಸರ್ವರ್ ಮೂಲಕ ಸಾಗಿಸುವ ಸೌಲಭ್ಯ) ಆಫ್ ಇರಲಿ. ಐಫೋನಿನಲ್ಲಿ ‘ಲೋಕಲ್ ನೆಟ್‌ವರ್ಕ್’ ಅನುಮತಿ ಕೇಳಿದಾಗ ಬೇಡ ಎಂದು ಒತ್ತಿದವರು ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಿ. ಗೆಸ್ಟ್ ವೈಫೈಗೆ ಸ್ಪೀಕರ್ ಹಾಕಬೇಡಿ, ಅಲ್ಲಿ ಒಂದು ಸಾಧನಕ್ಕೆ ಇನ್ನೊಂದು ಕಾಣದಂತೆ ಮರೆ ಮಾಡಿರುತ್ತಾರೆ.

ಮೆಶ್ ಯೂನಿಟ್ ಎಲ್ಲಿಡಬೇಕು? ಟಿವಿ ಹಿಂದೆ, ಫ್ರಿಜ್ ಮೇಲೆ ಬೇಡ. ಕರಾವಳಿಯ ಕೆಂಪುಕಲ್ಲಿನ ಮನೆಗಳಲ್ಲಿ ಗೋಡೆ ದಪ್ಪ, ಅಲ್ಲಿ ಬಾಗಿಲುಗಳ ನೇರಕ್ಕೆ ಇಡಿ, ಸಾಧ್ಯವಾದರೆ ಯೂನಿಟ್‌ಗಳ ನಡುವೆ ಕೇಬಲ್ ಎಳೆಸಿಬಿಡಿ. ಅಗ್ಗದ ರಿಪೀಟರ್ (ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ಹರಡುವ ಸಾಧನ) ತಂದು ಮಧ್ಯೆ ಸೇರಿಸಬೇಡಿ, ಅದು ವೇಗವನ್ನು ಅರ್ಧಕ್ಕೆ ಇಳಿಸುವುದೇ ಜಾಸ್ತಿ.

ಹಾಡು ನಡುನಡುವೆ ನಿಲ್ಲುತ್ತಿದ್ದರೆ ಸ್ಪೀಕರ್ ಒಂದು ಯೂನಿಟ್‌ನಿಂದ ಇನ್ನೊಂದಕ್ಕೆ ಜಿಗಿಯುತ್ತಿರಬಹುದು. ಡೆಕೊ ಆ್ಯಪ್‌ನಲ್ಲಿ ಆ ಸ್ಪೀಕರ್ ಒತ್ತಿ ‘ಮೆಶ್ ಟೆಕ್ನಾಲಜಿ’ ಆಫ್ ಮಾಡಿ, ಸ್ಪೀಕರ್ ಪ್ಲಗ್ ಒಮ್ಮೆ ಕಿತ್ತು ಹಾಕಿ.