‘ಸಾರ್, ನೆಟ್ ಇಲ್ಲ’

ಬೆಂಗಳೂರಿನ ಔಟರ್ ರಿಂಗ್ ರೋಡ್‌ನ ಒಂದು ಆಫೀಸಿನಲ್ಲಿ ನಾನು ಐಟಿ ನೋಡಿಕೊಳ್ಳುತ್ತೇನೆ. ಕೋಡ್ ಬರೆಯುವವನಲ್ಲ. ಕೋಡ್ ಬರೆಯುವವರ ಲ್ಯಾಪ್‌ಟಾಪ್, ನೆಟ್‌ವರ್ಕ್, ಪಾಸ್‌ವರ್ಡ್, ಪ್ರಿಂಟರ್, ಬ್ಯಾಕಪ್ ಎಲ್ಲ ನನ್ನ ತಲೆ ಮೇಲೆ. ನೆಂಟರಿಗೆ ಇದನ್ನು ವಿವರಿಸೋದನ್ನು ಬಿಟ್ಟಿದ್ದೇನೆ. ಮದುವೆ ಮನೆಯಲ್ಲಿ ಯಾರಾದರೂ ಹ್ಯಾಂಗ್ ಆದ ಫೋನ್ ಕೈಗಿಟ್ಟರೆ ಸುಮ್ನೆ ಸರಿ ಮಾಡಿ ಕೊಡುತ್ತೇನೆ.

ನಾನು ಜಾಸ್ತಿ ಕೇಳುವ ದೂರು ‘ಸಾರ್, ನೆಟ್ ಇಲ್ಲ’. ಅದನ್ನು ಹಾಗೇ ನಂಬಿ ಕೆಲಸ ಶುರು ಮಾಡಬಾರದು. ವೈಫೈ ಇಲ್ವಾ, ಒಂದೇ ಸೈಟ್ ತೆರೀತಿಲ್ವಾ, ವಿಪಿಎನ್ ಬಿದ್ದಿದೆಯಾ? ಪಕ್ಕದವರಿಗೆ ಬರ್ತಿದೆಯಾ?

ಒಂದು ಸಲ ಒಂದೇ ಮಹಡಿಯಲ್ಲಿ, ಅಕ್ಕಪಕ್ಕ ಕೂತವರಲ್ಲೇ ಒಬ್ಬರಿಗೆ ನೆಟ್ ಇದೆ, ಇನ್ನೊಬ್ಬರಿಗಿಲ್ಲ. ಲೈನ್ ಹೋಗಿದ್ದರೆ ಎಲ್ಲರಿಗೂ ಹೋಗಬೇಕು, ಅಲ್ವಾ? ನೆಟ್ ಇಲ್ಲದವರ ಮಷಿನ್‌ನಲ್ಲಿ ಐಪಿಕಾನ್ಫಿಗ್ ಕಮಾಂಡ್ ಹೊಡೆದು ಅದರ ಐಪಿ, ಅಂದರೆ ನೆಟ್‌ವರ್ಕ್‌ನಲ್ಲಿ ಅದರ ವಿಳಾಸ, ನೋಡಿದೆ. ನಮ್ಮ ಆಫೀಸಿನ ಐಪಿಗಳೆಲ್ಲ 10ರಿಂದ ಶುರು. ಅಲ್ಲಿದ್ದದ್ದು 192.168.0 ಅಂತ. ಅಂದರೆ ಐಪಿ ಹಂಚುವ ಇನ್ಯಾರೋ ಒಳಗೆ ಬಂದು ಕೂತಿದ್ದಾರೆ. ನೆಟ್‌ವರ್ಕ್‌ಗೆ ಸೇರುವ ಮಷಿನ್ ‘ನನಗೊಂದು ಐಪಿ ಕೊಡಿ’ ಅಂತ ಕೇಳುತ್ತದೆ, ಡಿಎಚ್‌ಸಿಪಿ ಸರ್ವರ್ ಕೊಡುತ್ತದೆ. ಕೊಡುವವರು ಇಬ್ಬರಾದರೆ ಸಾಮಾನ್ಯವಾಗಿ ಮೊದಲು ಉತ್ತರ ಕೊಟ್ಟವರದ್ದೇ ನಡೆಯುತ್ತದೆ. ಹಳೆ ಐಪಿಯಲ್ಲೇ ಇದ್ದವರು ಬಚಾವ್. ಹೊಸದಾಗಿ ಕೇಳಿದವರು ಸಿಕ್ಕಿಬಿದ್ದಿದ್ದರು.

ಆ ಕಳ್ಳ ಸರ್ವರ್‌ನ ಮ್ಯಾಕ್ ಅಡ್ರೆಸ್ (ಹಾರ್ಡ್‌ವೇರ್‌ನ ಗುರುತು) ಎಆರ್‌ಪಿ ಪಟ್ಟಿಯಲ್ಲಿ, ಅಂದರೆ ಯಾವ ಐಪಿ ಯಾವ ಮ್ಯಾಕ್‌ನದ್ದು ಅಂತ ಮಷಿನ್ ಇಟ್ಟುಕೊಳ್ಳುವ ಪಟ್ಟಿಯಲ್ಲಿ, ಸಿಕ್ಕಿತು. ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್‌ಗೆ ಲಾಗಿನ್ ಆಗಿ ಅದು ಯಾವ ಪೋರ್ಟ್‌ನಲ್ಲಿದೆ ಅಂತ ಹುಡುಕಿದೆ. ಕೇಬಲ್ ಹಿಡಿದು ಹೋದರೆ ಮೀಟಿಂಗ್ ರೂಮಿನ ಟೇಬಲ್ ಕೆಳಗೆ ಮನೆಯಲ್ಲಿ ಬಳಸುವಂಥ ಒಂದು ಪುಟ್ಟ ರೂಟರ್! ಅಲ್ಲಿ ವೈಫೈ ಸರಿಯಾಗಿ ಸಿಗಲ್ಲ ಅಂತ ಯಾರೋ ಪುಣ್ಯಾತ್ಮರು ತಂದು, ಗೋಡೆಯಿಂದ ಬಂದ ಕೇಬಲನ್ನು ಒಳಗಿನ ಮಷಿನ್‌ಗಳಿಗೆಂದು ಇರುವ ಅದರ ಲ್ಯಾನ್ ಪೋರ್ಟ್‌ಗೆ ಚುಚ್ಚಿದ್ದರು. ಹೊರಗಿನ ಲೈನ್‌ಗೆಂದು ಇರುವ ವಾನ್ ಪೋರ್ಟ್‌ಗೆ ಚುಚ್ಚಿದ್ದರೆ ಅದು ಆಫೀಸಿನವರಿಗೆ ಐಪಿ ಹಂಚುತ್ತಿರಲಿಲ್ಲ, ಬಹುಶಃ ನನಗೆ ಗೊತ್ತೇ ಆಗುತ್ತಿರಲಿಲ್ಲ. ಅದನ್ನು ಕಿತ್ತು, ಸ್ವಿಚ್‌ನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಆನ್ ಮಾಡಿದೆ. ಈಗ ನಾವು ಒಪ್ಪಿದ ಪೋರ್ಟ್ ಬಿಟ್ಟು ಬೇರೆ ಎಲ್ಲಿಂದ ಐಪಿ ಹಂಚಿದರೂ ಸ್ವಿಚ್ ತಡೆಯುತ್ತದೆ. ಆ ರೂಮಿಗೆ ವೈಫೈ ಕೊಡುವ ಒಂದು ಆಕ್ಸೆಸ್ ಪಾಯಿಂಟನ್ನೂ ಹಾಕಿಸಿದೆ. ಇಲ್ಲದಿದ್ದರೆ ಇನ್ನೊಂದು ರೂಟರ್ ಬರೋದು ಗ್ಯಾರಂಟಿ.

ಉಳಿದಂತೆ ದಿನಚರಿ ಸಪ್ಪೆ. ದೂರುಗಳ ಟಿಕೆಟ್ ನೋಡು, ಹೊಸಬರಿಗೆ ಅಕೌಂಟ್ ಮಾಡು, ಬಿಟ್ಟು ಹೋದವರದ್ದು ಅದೇ ದಿನ ಮುಚ್ಚು. ವಿಂಡೋಸ್ ಪ್ಯಾಚ್‌ಗಳು ತಿಂಗಳ ಎರಡನೇ ಮಂಗಳವಾರ ಬರುತ್ತವೆ, ನಮಗೆ ಆಗ ರಾತ್ರಿ. ಮೊದಲು ಐಟಿಯವರ ಮಷಿನ್‌ಗೆ ಹಾಕುತ್ತೇವೆ. ಏನೂ ಕೆಡದಿದ್ದರೆ ಉಳಿದವರಿಗೆ.

ಆದರೆ ಎಲ್ಲ ಅಪ್‌ಡೇಟ್‌ಗಳೂ ನಮ್ಮನ್ನು ಕೇಳಿ ಬರುವುದಿಲ್ಲ. 2024ರ ಜುಲೈ 19ರ ಶುಕ್ರವಾರ ಒಂದು ಸೆಕ್ಯುರಿಟಿ ಸಾಫ್ಟ್‌ವೇರ್‌ನ ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಮಷಿನ್‌ಗಳು ನೀಲಿ ಸ್ಕ್ರೀನ್‌ಗೆ ಬಿದ್ದವು. ಅದರಲ್ಲಿ ನಮ್ಮವೂ ಇದ್ದವು. ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸಿದರೆ ಆಯಿತು. ಆದರೆ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಇದೆ. ಅದನ್ನು ತೆರೆಯಲು 48 ಅಂಕಿಗಳ ರಿಕವರಿ ಕೀ ಬೇಕು. ಸರ್ವರ್ ಬಿದ್ದರೂ ಕೈಗೆ ಸಿಗುವಂತೆ ಕೀಗಳ ಇನ್ನೊಂದು ಪ್ರತಿ ಬೇರೆ ಕಡೆ ಇಟ್ಟಿದ್ದೆವು. ಅದೇ ಕಾಪಾಡಿತು.

ಮನೆಯಿಂದ ಕೆಲಸ ಮಾಡುವವರಿಗೆ ಫೋನಿನಲ್ಲೇ ಓದಿ ಹೇಳಬೇಕಾಯಿತು. ಕೀ ಕೇಳುವವರು ಅವರೇ ಹೌದಾ ಅಂತ ಗೊತ್ತಾಗಬೇಕಲ್ಲ, ಅದಕ್ಕೆ ರೆಕಾರ್ಡ್‌ನಲ್ಲಿರುವ ಅವರ ನಂಬರ್‌ಗೆ ನಾನೇ ತಿರುಗಿ ಕರೆ ಮಾಡುತ್ತಿದ್ದೆ. ಸ್ಕ್ರೀನ್ ಮೇಲಿನ ಕೀ ಐಡಿಯ ಮೊದಲ ಎಂಟು ಅಕ್ಷರ ಕೇಳಿ, ಪಟ್ಟಿಯಲ್ಲಿ ಆ ಮಷಿನ್ ಹುಡುಕಿ, ಆಮೇಲೆ ಆರಾರು ಅಂಕಿಯ ಎಂಟು ಗುಂಪು.

‘ಮೊದಲ ಆರು ಹೊಡೀರಿ ಮೇಡಂ.’

‘ಹೂಂ, ಆಯ್ತು ಸಾರ್.’

‘ಈಗ ಅದನ್ನ ನನಗೆ ವಾಪಸ್ ಓದಿ.’

ಆರು ಮುಗಿಯುವ ಮುಂಚೆ ಏಳನೆಯದನ್ನು ಹೇಳಿದಿರೋ, ಕೆಟ್ಟಿತು. ಮೊದಲಿಂದ ಶುರು. ಸಂಜೆ ಹೊತ್ತಿಗೆ ಗಂಟಲು ಕಟ್ಟಿತ್ತು.

ಬ್ಯಾಕಪ್ ವಿಷಯದಲ್ಲೂ ನನ್ನದು ಇದೇ ಅನುಮಾನದ ಬುದ್ಧಿ. ರಿಪೋರ್ಟ್‌ನಲ್ಲಿ ಹಸಿರು ಟಿಕ್ ಬಂದರೆ ಸಾಲದು. ಆಗಾಗ ಯಾವುದೋ ಒಂದು ಫೋಲ್ಡರನ್ನು ಬೇರೆ ಮಷಿನ್‌ಗೆ ರಿಸ್ಟೋರ್ ಮಾಡಿ, ಅಕೌಂಟ್ಸ್‌ನವರನ್ನು ಕರೆದು ಅವರ ಕೈಯಲ್ಲೇ ಫೈಲ್ ತೆರೆಸುತ್ತೇನೆ. ಲೆಕ್ಕ ಸರಿ ಇದೆಯಾ ಅಂತ ಅವರಿಗೇ ಗೊತ್ತಾಗೋದು. ಗೊಣಗಿಕೊಂಡೇ ಬರುತ್ತಾರೆ, ಪಾಪ. ಮಾರ್ಚ್ ಕೊನೆಯಲ್ಲಿ ಮಾತ್ರ ಕರೆಯುವುದಿಲ್ಲ.