ಸ್ಟಿಕ್ಕರ್ ಬೇರೆ, ಫ್ರೇಮ್ ಒಂದೇನಾ? ಹೀಗೆ ಪತ್ತೆ ಮಾಡಿ

ದೇವರಾಯನದುರ್ಗದ ಕಡೆ ಓಡಿಸೋಕೆ ಮೌಂಟನ್ ಬೈಕ್ (ಗುಡ್ಡಗಾಡಿನ ಸೈಕಲ್) ಹುಡುಕುತ್ತಿದ್ದೀರಾ? ತುಮಕೂರಿನ ಅಂಗಡಿಗೆ ಹೋಗುವ ಮೊದಲು ಇಷ್ಟು ಗೊತ್ತಿರಲಿ: ಬೈಕಿನ ಮೇಲೆ ಹೆಸರು ಇರುವ ಕಂಪನಿಯೇ ಫ್ರೇಮ್ ಮಾಡಿರಬೇಕು ಅಂತೇನಿಲ್ಲ. ತೈವಾನಿನ ಜೈಂಟ್, ಮೆರಿಡಾ ಎರಡೂ 1972ರಲ್ಲಿ ಶುರುವಾದವು. ತಮ್ಮ ಹೆಸರಲ್ಲೂ ಮಾರುತ್ತವೆ, ಬೇರೆ ಬ್ರಾಂಡುಗಳಿಗೂ ಮಾಡಿಕೊಡುತ್ತವೆ. ಅಮೆರಿಕದ ಸೈಕಲ್ ಕಂಪನಿ ಸ್ಪೆಷಲೈಸ್ಡ್‌ನಲ್ಲಂತೂ ಮೆರಿಡಾದ ಪಾಲೇ ಇದೆ.

ಹಾಗಂತ ಒಂದೇ ಕಾರ್ಖಾನೆ ಅಂದ್ರೆ ಒಂದೇ ಫ್ರೇಮ್ ಅಲ್ಲ. ದರ್ಜಿ ಒಬ್ಬನೇ ಆದರೂ ಅಳತೆ, ಬಟ್ಟೆ ಬೇರೆ ಇರುತ್ತೆ ಅಲ್ವಾ? ದೊಡ್ಡ ಬ್ರಾಂಡುಗಳು ಸಾಮಾನ್ಯವಾಗಿ ತಮ್ಮದೇ ಡಿಸೈನ್ ಕೊಟ್ಟು ಮಾಡಿಸುತ್ತವೆ. ಇನ್ನು ಕೆಲವರು ಕಾರ್ಖಾನೆಯ ಕ್ಯಾಟಲಾಗಿನಲ್ಲಿರುವ ರೆಡಿ ಫ್ರೇಮ್ ಆರಿಸಿ ಬಣ್ಣ ಹೊಡೆಸುತ್ತಾರೆ. ಇದೇ ಓಪನ್ ಮೋಲ್ಡ್.

ಬೇರೆ ಬ್ರಾಂಡಿನ ಎರಡು ಬೈಕಿಗೆ ಫ್ರೇಮ್ ಒಂದೇನಾ ಅಂತ ಪತ್ತೆ ಮಾಡೋಕೆ ಮೊದಲು ಎರಡರ ಜಿಯೊಮೆಟ್ರಿ ಪಟ್ಟಿ (ಫ್ರೇಮಿನ ಅಳತೆಗಳು) ಪಕ್ಕಪಕ್ಕ ಇಟ್ಟು ರೀಚ್, ಸ್ಟ್ಯಾಕ್ (ಪೆಡಲ್ ಅಕ್ಷದಿಂದ ಹೆಡ್ ಟ್ಯೂಬಿನ ಮೇಲ್ತುದಿಗೆ ಅಡ್ಡ ದೂರ, ಎತ್ತರ), ಹ್ಯಾಂಡಲ್ ಕೂರುವ ಹೆಡ್ ಟ್ಯೂಬಿನ ಕೋನ, ಚೈನ್‌ಸ್ಟೇ ಉದ್ದ (ಪೆಡಲ್ ಅಕ್ಷದಿಂದ ಹಿಂದಿನ ಚಕ್ರದ ಅಕ್ಷದವರೆಗೆ) ನೋಡಿ. ಒಂದೆರಡು ಹೊಂದಿದರೆ ಅದರಲ್ಲೇನೂ ಇಲ್ಲ. ಎಲ್ಲ ಸೈಜಿನಲ್ಲೂ ಮಿಲಿಮೀಟರ್ ತಪ್ಪದೆ ಹೊಂದಿದರೆ ಅನುಮಾನ ಪಡಿ. ಆಮೇಲೆ ಫೋಟೊ ದೊಡ್ಡದು ಮಾಡಿ: ಕೇಬಲ್ ಒಳಗೆ ಹೋಗುವ ತೂತು, ಟ್ಯೂಬಿನ ಬಾಗು, ಹಿಂದಿನ ಚಕ್ರ ಕೂರುವ ಡ್ರಾಪ್‌ಔಟ್. ಬಣ್ಣ ನೋಡಲೇಬೇಡಿ. ಸೀಟ್‌ಪೋಸ್ಟ್ (ಸೀಟಿನ ಕಂಬ) ದಪ್ಪ ಒಂದರಲ್ಲಿ 30.9 ಮಿ.ಮೀ., ಇನ್ನೊಂದರಲ್ಲಿ 31.6 ಇದ್ದರೆ ಫ್ರೇಮ್ ಬೇರೆ ಇರುವ ಸಾಧ್ಯತೆಯೇ ಜಾಸ್ತಿ. ಎರಡರಲ್ಲೂ ಯುಡಿಎಚ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಸಾಧನ ಕೂರುವ ತುಂಡು) ಇದೆ ಅನ್ನೋದೊಂದರಿಂದಲೇ ಫ್ರೇಮ್ ಒಂದೇ ಅಂತ ತೀರ್ಮಾನ ಮಾಡಬೇಡಿ. 2019ರಲ್ಲಿ ಸೈಕಲ್ ಬಿಡಿಭಾಗ ಮಾಡುವ ಸ್ರಾಮ್ ಕಂಪನಿ ತಂದ ಇದನ್ನು ಈಗ ತುಂಬಾ ಬ್ರಾಂಡುಗಳು ಬಳಸುತ್ತಿವೆ.

ಫ್ರೇಮ್ ಒಂದೇ ಅನ್ನಿಸಿದರೆ ಸುಮ್ನೆ ಹೆಸರಿಗೆ ದುಡ್ಡು ಸುರಿಯಬೇಡಿ. ಫೋರ್ಕ್, ಬ್ರೇಕ್ ಯಾವುದರಲ್ಲಿ ಚೆನ್ನಾಗಿದೆ ನೋಡಿ. ಫ್ರೇಮ್ ಬಿರುಕು ಬಿಟ್ಟರೆ ವಾರಂಟಿ ಯಾರು ಕೊಡುತ್ತಾರೆ, ಎಷ್ಟು ವರ್ಷ ಅಂತ ಬಿಲ್ ಮಾಡಿಸುವ ಮೊದಲೇ ಬರೆಸಿಕೊಳ್ಳಿ.